ಉಪ್ಪಿನ ಕೊಳಕ್ಕೆ ಕಾಯಿಲೆ ಬಂದಾಗ

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಗುಡ್ಡಗಳಲ್ಲಿ ಹಿಂದೆ ಮಕ್ಕಳು ಈಜು ಕಲಿಯುತ್ತಿದ್ದುದು ಹೊಳೆಯ ಗುಂಡಿಯಲ್ಲಿ, ಇಲ್ಲವೇ ತೋಟದ ಕೆರೆಯಲ್ಲಿ. ಹೋಂಸ್ಟೇ, ರೆಸಾರ್ಟುಗಳು ಬಂದ ಮೇಲೆ ಸಿಲ್ವರ್ ಓಕ್ ಮರಗಳ ನಡುವೆ ನೀಲಿ ಬಿಲ್ಲೆ ಹಾಸಿದ ಈಜುಕೊಳಗಳೂ ಕಾಣಿಸಿಕೊಂಡಿವೆ. ಇಂಥ ಕೊಳಗಳಲ್ಲಿ ಒಂದು ಬಗೆಗೆ ಕ್ಲೋರಿನ್ ಪುಡಿ ಹಾಕುವುದಿಲ್ಲ. ಮೂಟೆಗಟ್ಟಲೆ ಉಪ್ಪು ಸುರಿಯುತ್ತಾರೆ. ಪಂಪಿನ ಮನೆಯಲ್ಲಿರುವ ಒಂದು ಪೆಟ್ಟಿಗೆ ಆ ಉಪ್ಪಿನಿಂದಲೇ ಕ್ಲೋರಿನ್ ತಯಾರಿಸುತ್ತದೆ.

ಇವನ್ನು ನೋಡಿಕೊಳ್ಳುವ ಕೆಲಸ ಊರಿನ ಹುಡುಗರದು, ಎಂದರೆ ನಮ್ಮ ವಿದ್ಯಾರ್ಥಿಗಳ ಅಣ್ಣಂದಿರದು, ತಂದೆಯರದು. ಅವರನ್ನು ಕಾಡುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಪೆಟ್ಟಿಗೆಯ ದೀಪ ಉರಿಯುತ್ತಿದೆ, ಉಪ್ಪೂ ಹಾಕಿದ್ದೇವೆ. ಆದರೂ ನೀರು ಹಸಿರಾಗುತ್ತಿದೆ, ಏಕೆ?’ ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಹತ್ತನೆಯ ತರಗತಿಯ ‘ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು’ ಪಾಠದಲ್ಲಿ ಬರುವ ಕ್ಲೋರ್-ಆಲ್ಕಲಿ ಪ್ರಕ್ರಿಯೆಯೇ ಈ ಪೆಟ್ಟಿಗೆಯೊಳಗೆ ನಡೆಯುವುದು. ಕಾರವಾರದ ಬಳಿಯ ಬಿಣಗಾದಲ್ಲಿ ಕಾಸ್ಟಿಕ್ ಸೋಡಾ ಕಾರ್ಖಾನೆ ಕಟ್ಟಿದ್ದು ಇದೇ ತತ್ತ್ವದ ಮೇಲೆ.

ಪೆಟ್ಟಿಗೆಯೊಳಗೆ ಏನಾಗುತ್ತದೆ?

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ ಇರುತ್ತದೆ. ಉಪ್ಪಿನ ಕೊಳಕ್ಕೆ ಅಷ್ಟು ಬೇಡ, ಲೀಟರಿಗೆ 3ರಿಂದ 4 ಗ್ರಾಂ ಸಾಕು. ನಮ್ಮ ಕಣ್ಣೀರು ಇದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಉಪ್ಪಾಗಿರುತ್ತದೆ. ಈ ತೆಳು ಉಪ್ಪುನೀರು ಟೈಟೇನಿಯಂ ಫಲಕಗಳ ನಡುವೆ ಹರಿಯುವಾಗ ಅವುಗಳಿಗೆ ನೇರ ವಿದ್ಯುತ್ ಪ್ರವಾಹ ಕೊಡುತ್ತಾರೆ. ಫಲಕಗಳ ಮೇಲೆ ರುಥೇನಿಯಂ, ಇರಿಡಿಯಂ ಲೋಹಗಳ ಆಕ್ಸೈಡುಗಳ ಲೇಪ ಇರುತ್ತದೆ. ಧನಾಗ್ರದಲ್ಲಿ ಕ್ಲೋರಿನ್ ಹುಟ್ಟುತ್ತದೆ. ಋಣಾಗ್ರದಲ್ಲಿ ಜಲಜನಕದ ಗುಳ್ಳೆಗಳು ಏಳುತ್ತವೆ, ನೀರು ಕ್ಷಾರವಾಗುತ್ತದೆ. ಕ್ಲೋರಿನ್ ನೀರಿನೊಡನೆ ಸೇರಿ ಹೈಪೋಕ್ಲೋರಸ್ ಆಮ್ಲವಾಗುತ್ತದೆ. ರೋಗಾಣುಗಳನ್ನು ಕೊಲ್ಲುವ ಸೈನಿಕ ಇದೇ.

ಹಾಗಾಗಿ ಉಪ್ಪಿನ ಕೊಳ ಎಂದರೆ ‘ಕ್ಲೋರಿನ್ ಇಲ್ಲದ ಕೊಳ’ ಎಂಬ ಮಾತು ತಪ್ಪು. ಅದೂ ಕ್ಲೋರಿನ್ ಕೊಳವೇ. ಕ್ಲೋರಿನ್ ಡಬ್ಬಿಯಲ್ಲಿ ಬರುವ ಬದಲು ಅಲ್ಲೇ ತಯಾರಾಗುತ್ತದೆ, ಅಷ್ಟೆ. ಕೆಲಸ ಮುಗಿಸಿದ ಕ್ಲೋರಿನ್ ಬಹುಪಾಲು ಮತ್ತೆ ಕ್ಲೋರೈಡ್ ಆಗುವುದರಿಂದ ಉಪ್ಪು ಖರ್ಚಾಗುವುದು ಬಹಳ ಕಡಿಮೆ.

ಮೊದಲು ನೀರನ್ನು ಕೇಳಿ

ಜ್ವರ ಬಂದವನ ಅಂಗಿಯ ಬಣ್ಣ ನೋಡಿ ವೈದ್ಯರು ಔಷಧಿ ಕೊಡುವುದಿಲ್ಲ. ಹಾಗೆಯೇ ಪೆಟ್ಟಿಗೆಯ ದೀಪ ನೋಡಿ ನೀರಿನ ಆರೋಗ್ಯ ಹೇಳಬಾರದು. ದೀಪ ಹೇಳುವುದು ವಿದ್ಯುತ್ತಿನ ಸುದ್ದಿ ಮಾತ್ರ. ನೀರಿನಲ್ಲಿ ಕ್ಲೋರಿನ್ ಇದೆಯೋ ಇಲ್ಲವೋ ಎಂಬುದನ್ನು ಪರೀಕ್ಷಾ ಪಟ್ಟಿ ಅಥವಾ ಬಣ್ಣ ಹೋಲಿಸುವ ಪೆಟ್ಟಿಗೆಯಿಂದಲೇ ತಿಳಿಯಬೇಕು. ಮುಕ್ತ ಕ್ಲೋರಿನ್ ಲೀಟರಿಗೆ 1ರಿಂದ 3 ಮಿಲಿಗ್ರಾಂ, ಪಿಎಚ್ 7.2ರಿಂದ 7.8ರ ಒಳಗೆ ಇರುವುದು ಒಳ್ಳೆಯದು.

ಪಿಎಚ್ ಏಕೆ ಮುಖ್ಯ ಎಂದರೆ, ಹೈಪೋಕ್ಲೋರಸ್ ಆಮ್ಲ ನೀರಿನಲ್ಲಿ ಒಡೆದು ಹೈಪೋಕ್ಲೋರೈಟ್ ಅಯಾನು ಆಗುತ್ತದೆ. ಈ ಅಯಾನಿನ ಕೊಲ್ಲುವ ಶಕ್ತಿ ತೀರ ಕಡಿಮೆ. ಪಿಎಚ್ 7.5ರ ಆಸುಪಾಸಿನಲ್ಲಿ ಅರ್ಧ ಆಮ್ಲ, ಅರ್ಧ ಅಯಾನು. ಪಿಎಚ್ 8 ಆದರೆ ಆಮ್ಲದ ಪಾಲು ಕಾಲುಭಾಗಕ್ಕೆ ಇಳಿಯುತ್ತದೆ. ಉಪ್ಪಿನ ಕೊಳದಲ್ಲಿ ಪಿಎಚ್ ಸದಾ ಮೇಲಕ್ಕೇ ಏರಲು ನೋಡುತ್ತದೆ. ಜಲಜನಕದ ಗುಳ್ಳೆಗಳು ನೀರನ್ನು ಕದಡಿ, ಕರಗಿರುವ ಇಂಗಾಲದ ಡೈ ಆಕ್ಸೈಡನ್ನು ಹೊರಗೆ ಕಳಿಸುವುದು ಇದಕ್ಕೆ ಒಂದು ಕಾರಣ. ಆದ್ದರಿಂದ ಕ್ಲೋರಿನ್ ಇದ್ದೂ ಕೆಲಸ ಮಾಡದಿದ್ದರೆ ಮೊದಲು ಪಿಎಚ್ ನೋಡಿ.

ಮೂಗಿಗೆ ಘಾಟು ಹೊಡೆದು ಕಣ್ಣು ಕೆಂಪಾದರೆ ‘ಕ್ಲೋರಿನ್ ಜಾಸ್ತಿಯಾಗಿದೆ’ ಎಂದು ಪೆಟ್ಟಿಗೆ ನಿಲ್ಲಿಸುವವರಿದ್ದಾರೆ. ಬಹಳ ಸಲ ಸಂಗತಿ ಇದಕ್ಕೆ ತಿರುಗುಮುರುಗು. ಬೆವರು, ಮೂತ್ರಗಳಲ್ಲಿರುವ ಸಾರಜನಕದ ವಸ್ತುಗಳೊಡನೆ ಕ್ಲೋರಿನ್ ಸೇರಿ ಕ್ಲೋರಮೈನ್‌ಗಳಾಗುತ್ತವೆ. ಆ ಘಾಟು ಅವುಗಳದು. ಮುಕ್ತ ಕ್ಲೋರಿನ್ ಸಾಲದೆ ಹೋದಾಗಲೇ ಅವು ಉಳಿದುಕೊಳ್ಳುವುದು. ಕೊಳಕ್ಕೆ ಇಳಿಯುವ ಮುನ್ನ ಮಕ್ಕಳು ಮೈ ತೊಳೆದುಕೊಳ್ಳಬೇಕು ಎನ್ನುವುದು ಬರಿಯ ಶಿಸ್ತಿನ ಮಾತಲ್ಲ, ರಸಾಯನಶಾಸ್ತ್ರದ ಮಾತು.

ನಮ್ಮ ಮಳೆ, ನಮ್ಮ ಚಳಿ

ಒಂದು ಲೆಕ್ಕ ಮಾಡೋಣ. 8 ಮೀಟರ್ ಉದ್ದ, 4 ಮೀಟರ್ ಅಗಲ, 1.25 ಮೀಟರ್ ಆಳದ ಕೊಳದಲ್ಲಿ 40,000 ಲೀಟರ್ ನೀರು ಹಿಡಿಯುತ್ತದೆ. ಲೀಟರಿಗೆ 3.5 ಗ್ರಾಂನಂತೆ 140 ಕಿಲೋ ಉಪ್ಪು ಬೇಕು. 100 ಮಿಲಿಮೀಟರ್ ಮಳೆ ಬಿದ್ದರೆ ಕೊಳಕ್ಕೆ 3,200 ಲೀಟರ್ ಸಿಹಿನೀರು ಸೇರುತ್ತದೆ, ಅಷ್ಟೇ ಉಪ್ಪುನೀರು ಹೊರಗೆ ಹರಿಯುತ್ತದೆ. ಒಂದು ಸಲಕ್ಕೆ ಶೇಕಡ 7ಕ್ಕೂ ಮಿಕ್ಕಿ ಉಪ್ಪು ಹೋಯಿತು. ಇಂಥ ಹತ್ತು ಮಳೆಗಳಾದರೆ ಶೇಕಡ 70 ಹೋಗುತ್ತದೆಯೇ? ಇಲ್ಲ. ಪ್ರತಿ ಸಲವೂ ಉಳಿದುದರಲ್ಲಿ ಒಂದು ಪಾಲು ಹೋಗುತ್ತದೆ. ಗುಣೋತ್ತರ ಶ್ರೇಢಿ ಕಲಿತವರು ಲೆಕ್ಕ ಹಾಕಿ ನೋಡಿ, ಕೊನೆಗೆ ಅರ್ಧಕ್ಕಿಂತ ತುಸು ಕಡಿಮೆ ಉಳಿಯುತ್ತದೆ. ಮುಂಗಾರಿನಲ್ಲಿ ಕಳಸದ ಕಡೆ ಒಟ್ಟು 1,000 ಮಿಲಿಮೀಟರ್ ಮಳೆ ಆಗುವುದು ದೊಡ್ಡ ಮಾತೇನಲ್ಲ. ಬಯಲುಸೀಮೆಯ ಕೊಳಕ್ಕೆ ಬರೆದ ಕೈಪಿಡಿ ಇಲ್ಲಿ ಸೋಲುವುದು ಈ ಕಾರಣಕ್ಕೆ.

ಆದರೆ ಪೆಟ್ಟಿಗೆ ‘ಉಪ್ಪು ಕಡಿಮೆ’ ಎಂದೊಡನೆ ಮೂಟೆ ಬಿಚ್ಚಬೇಡಿ. ಪೆಟ್ಟಿಗೆ ಉಪ್ಪನ್ನು ರುಚಿ ನೋಡುವುದಿಲ್ಲ. ನೀರಿನ ವಿದ್ಯುದ್ವಾಹಕತೆಯನ್ನು ಅಳೆದು, ಅದರಿಂದ ಉಪ್ಪನ್ನು ಊಹಿಸುತ್ತದೆ. ಒಂದು ಡಿಗ್ರಿ ಸೆಲ್ಸಿಯಸ್ ತಣ್ಣಗಾದರೆ ವಾಹಕತೆ ಸುಮಾರು ಶೇಕಡ 2ರಷ್ಟು ಇಳಿಯುತ್ತದೆ. ಫಲಕಗಳ ಮೇಲೆ ಸುಣ್ಣ ಕಟ್ಟಿದರೂ ಪ್ರವಾಹ ಇಳಿಯುತ್ತದೆ. ಎರಡೂ ಸಂದರ್ಭಗಳಲ್ಲಿ ಉಪ್ಪು ಸರಿಯಾಗಿದ್ದರೂ ಪೆಟ್ಟಿಗೆ ಕಡಿಮೆ ಎನ್ನಬಹುದು. ಬೇರೆ ಮಾಪಕದಿಂದ, ಇಲ್ಲವೇ ಕಾಲೇಜಿನ ಪ್ರಯೋಗಾಲಯದಲ್ಲಿ ಸಿಲ್ವರ್ ನೈಟ್ರೇಟ್ ಅನುಮಾಪನದಿಂದ ಖಚಿತ ಮಾಡಿಕೊಂಡೇ ಉಪ್ಪು ಹಾಕಬೇಕು. ಹಾಕುವುದು ಸುಲಭ, ತೆಗೆಯಲು ನೀರನ್ನೇ ಚೆಲ್ಲಬೇಕು. ಇನ್ನು ಮಾಗಿಯ ಚಳಿಯಲ್ಲಿ ನೀರು 15 ಡಿಗ್ರಿಗಿಂತ ಕೆಳಗಿಳಿದಾಗ ಪೆಟ್ಟಿಗೆ ತಾನಾಗಿಯೇ ನಿಂತರೆ ಅದು ರೋಗವಲ್ಲ. ಫಲಕಗಳನ್ನು ಕಾಪಾಡಲೆಂದು ಹಲವು ಯಂತ್ರಗಳಲ್ಲಿ ಇಟ್ಟಿರುವ ಏರ್ಪಾಡು.

ಫ್ಯಾರಡೆಯ ಲೆಕ್ಕ

ಎಲ್ಲ ಸರಿಯಿದ್ದೂ ಕ್ಲೋರಿನ್ ಸಾಲದೆ ಹೋದರೆ ಗಡಿಯಾರ ನೋಡಿ. ಮೈಕೆಲ್ ಫ್ಯಾರಡೆ 1830ರ ದಶಕದಲ್ಲಿ ಕಂಡುಕೊಂಡ ನಿಯಮದ ಪ್ರಕಾರ, ಒಂದು ಜೊತೆ ಫಲಕಗಳ ನಡುವೆ 1 ಆಂಪಿಯರ್ ಪ್ರವಾಹ 1 ಗಂಟೆ ಹರಿದರೆ ಹೆಚ್ಚೆಂದರೆ 1.32 ಗ್ರಾಂ ಕ್ಲೋರಿನ್ ಬರುತ್ತದೆ. ನಿಮ್ಮ ಪೆಟ್ಟಿಗೆ ಗಂಟೆಗೆ 10 ಗ್ರಾಂ ಕೊಡುತ್ತದೆ ಎನ್ನಿ. ನಮ್ಮ 40,000 ಲೀಟರ್ ಕೊಳದಲ್ಲಿ ಕ್ಲೋರಿನನ್ನು ಲೀಟರಿಗೆ 1 ಮಿಲಿಗ್ರಾಂ ಏರಿಸಲು 40 ಗ್ರಾಂ ಬೇಕು, ಅಂದರೆ 4 ಗಂಟೆ ಓಡಬೇಕು. ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋಗಿ ದಿನಕ್ಕೆ 2 ಗಂಟೆ ಓಡಿದರೆ ಅರ್ಧ ಮಿಲಿಗ್ರಾಂ ಮಾತ್ರ. ಅದನ್ನು ಉದುರಿದ ಎಲೆ, ಪಾಚಿ, ಬಿಸಿಲು ಹಂಚಿಕೊಂಡು ತಿನ್ನುತ್ತವೆ. ಬಿಸಿಲಿನ ಅತಿನೇರಳೆ ಕಿರಣಗಳು ರಕ್ಷಣೆಯಿಲ್ಲದ ಕ್ಲೋರಿನನ್ನು ಕೆಲವೇ ಗಂಟೆಗಳಲ್ಲಿ ಒಡೆದುಹಾಕುತ್ತವೆ. ಇದನ್ನು ತಡೆಯಲು ಸಯನ್ಯೂರಿಕ್ ಆಮ್ಲವನ್ನು ಮಿತವಾಗಿ ಬಳಸುತ್ತಾರೆ. ಅದು ಅತಿಯಾದರೆ ಕ್ಲೋರಿನ್ನಿನ ಕೆಲಸವೂ ನಿಧಾನವಾಗುತ್ತದೆ.

ಹರಿವನ್ನೂ ನೋಡಬೇಕು. ಶೋಧಕ ಕಟ್ಟಿಕೊಂಡು ನೀರಿನ ಹರಿವು ಕುಗ್ಗಿದರೆ ಪೆಟ್ಟಿಗೆ ನಿಲ್ಲುವಂತೆ ಒಂದು ಸ್ವಿಚ್ ಇರುತ್ತದೆ. ಅದನ್ನು ತಪ್ಪಿಸಿ ತಂತಿ ಜೋಡಿಸುವ ಜಾಣತನ ಯಾರೂ ಮಾಡಬಾರದು. ನಿಂತ ನೀರಿನಲ್ಲಿ ಜಲಜನಕ ಶೇಖರವಾಗುತ್ತದೆ. ಅದು ಕಿಡಿ ತಾಗಿದರೆ ಸಿಡಿಯುವ ಅನಿಲ.

ನಮ್ಮ ಗುಡ್ಡದ ತೊರೆಗಳ ನೀರು ಸಾಮಾನ್ಯವಾಗಿ ಮೆದು, ಸುಣ್ಣದ ಅಂಶ ಕಡಿಮೆ. ಆದರೂ ಫಲಕಗಳ ಮೇಲೆ ಬಿಳಿ ಪೊರೆ ಎಲ್ಲಿಂದ ಬಂತು? ಮೆದುನೀರು ಹೊಸ ಸಿಮೆಂಟಿನಿಂದ, ಬಿಲ್ಲೆಗಳ ಸಂದಿನಿಂದ ಸುಣ್ಣವನ್ನು ಕರಗಿಸಿಕೊಳ್ಳುತ್ತದೆ. ಋಣಾಗ್ರದ ಬಳಿಯ ಕ್ಷಾರದಲ್ಲಿ ಅದೇ ಸುಣ್ಣ ಕ್ಯಾಲ್ಸಿಯಂ ಕಾರ್ಬೊನೇಟಾಗಿ ಅಂಟುತ್ತದೆ. ಮೆದುನೀರಿಗೆ ಪಿಎಚ್ ಏರಿಳಿತ ತಡೆಯುವ ಶಕ್ತಿಯೂ ಕಡಿಮೆ. ಅಡಿಗೆ ಸೋಡಾ ಹಾಕುವುದು ಇದಕ್ಕಾಗಿ. ಕಬ್ಬಿಣದ ಅಂಶವಿರುವ ಬೋರ್‌ವೆಲ್ ನೀರು ತುಂಬಿದರೆ ಕ್ಲೋರಿನ್ ತಾಗಿದೊಡನೆ ಚಹಾದ ಬಣ್ಣಕ್ಕೆ ತಿರುಗಬಹುದು. ಅದು ಕೊಳೆಯಲ್ಲ, ಆಕ್ಸಿಡೀಕರಣಗೊಂಡ ಕಬ್ಬಿಣ.

ಪ್ರಾಣಕ್ಕೆ ಸಂಬಂಧಿಸಿದ ಮಾತು

ಫಲಕ ತೊಳೆಯುವುದು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಿಂದ. ಮುಖ್ಯ ಸ್ವಿಚ್ ಆರಿಸಿ, ಫಲಕಗಳ ಕೋಶವನ್ನು ಬಿಚ್ಚಿ, ಬಯಲಿನಲ್ಲಿ, ಕೈಗವಸು ಮತ್ತು ಕನ್ನಡಕ ಧರಿಸಿ ಈ ಕೆಲಸ ಮಾಡಬೇಕು. ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರು ಹಾಕಬಾರದು. ತಂತಿಯಿಂದ ಉಜ್ಜಿದರೆ ಲೇಪ ಹೋಗುತ್ತದೆ, ಲೇಪ ಹೋದರೆ ಕೋಶವೇ ಹೋದಂತೆ.

ಎಲ್ಲಕ್ಕಿಂತ ಮುಖ್ಯವಾಗಿ, ಆಮ್ಲವನ್ನೂ ಬ್ಲೀಚಿಂಗ್ ಪುಡಿಯನ್ನೂ ಒಂದೇ ಬಕೆಟ್ಟಿನಲ್ಲಿ ಎಂದಿಗೂ ಬೆರೆಸಬೇಡಿ, ಒಂದೇ ಕಪಾಟಿನಲ್ಲಿ ಇಡಬೇಡಿ. ಎರಡೂ ಸೇರಿದ ಕ್ಷಣದಲ್ಲಿ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಪಂಪಿನ ಮನೆಯಲ್ಲಿ ಅದು ಶ್ವಾಸಕೋಶವನ್ನು ಸುಟ್ಟು ಪ್ರಾಣ ತೆಗೆಯಬಲ್ಲದು. ಉಪ್ಪುನೀರು ವಿದ್ಯುತ್ತಿನ ಒಳ್ಳೆಯ ವಾಹಕ ಎಂಬುದೂ ನೆನಪಿರಲಿ. ಸರಿಯಾದ ಭೂಸಂಪರ್ಕ, ಸೋರಿಕೆ ಕಂಡೊಡನೆ ಸಂಪರ್ಕ ಕಡಿಯುವ ಸ್ವಿಚ್ ಇಲ್ಲದ ಕೊಳಕ್ಕೆ ಮಗುವನ್ನು ಇಳಿಸಬಾರದು. ಪೋಷಕರು ಇದನ್ನು ಕೇಳಲು ಸಂಕೋಚಪಡಬೇಕಿಲ್ಲ. ಕೊಳದ ಕೆಲಸಕ್ಕೆ ಮನೆಯ ಹುಡುಗನನ್ನು ಕಳಿಸುವ ತಂದೆತಾಯಿಯೂ ಕೈಗವಸು, ಕನ್ನಡಕ ಕೊಟ್ಟಿದ್ದಾರೆಯೇ ಎಂದು ಕೇಳಬೇಕು.

ಕೊಳದ ನೀರು ಎಲ್ಲಿಗೆ ಹೋಗುತ್ತದೆ?

ಮಲೆನಾಡಿನ ಎಷ್ಟೋ ಮನೆಗಳಿಗೆ ಇಂದಿಗೂ ಅಬ್ಬಿ ನೀರೇ ಆಧಾರ. ಗುಡ್ಡದ ಒರತೆಯಿಂದ ಪೈಪಿನಲ್ಲಿ ಇಳಿದು ಬಂದ ನೀರು ಅಡಿಗೆಮನೆಗೆ ಸೇರುತ್ತದೆ. ಮೇಲಿನ ಕೊಳವನ್ನು ಖಾಲಿ ಮಾಡಿ ಆ ತೊರೆಗೇ ಬಿಟ್ಟರೆ? ಕ್ಲೋರಿನ್ ಮೀನಿಗೆ ಅತ್ಯಲ್ಪ ಪ್ರಮಾಣದಲ್ಲೂ ವಿಷ. ಪೆಟ್ಟಿಗೆ ನಿಲ್ಲಿಸಿ ಕೆಲವು ದಿನ ಬಿಸಿಲಿಗೆ ಬಿಟ್ಟರೆ ಕ್ಲೋರಿನ್ ಹೋಗುತ್ತದೆ, ಪರೀಕ್ಷಿಸಿ ಸೊನ್ನೆ ಎಂದು ಖಚಿತಪಡಿಸಿಕೊಳ್ಳಬಹುದು. ಉಪ್ಪು ಮಾತ್ರ ಬಿಸಿಲಿಗೆ ಹೋಗುವುದಿಲ್ಲ. ಲೀಟರಿಗೆ 3.5 ಗ್ರಾಂ ಉಪ್ಪೆಂದರೆ ಸುಮಾರು 2,100 ಮಿಲಿಗ್ರಾಂ ಕ್ಲೋರೈಡ್. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಹೇಳುವ ಸ್ವೀಕಾರಾರ್ಹ ಮಿತಿ 250 ಮಿಲಿಗ್ರಾಂ. ಎಂಟೂವರೆ ಪಟ್ಟು ಹೆಚ್ಚು! ಕಾಫಿ ಗಿಡದ ಬೇರಿಗೂ ಉಪ್ಪು ಹಿತವಲ್ಲ.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಉಪ್ಪು ಹಾಕುವವರು ಒಬ್ಬರು, ನೀರು ಕುಡಿಯುವವರು ಇನ್ನೊಬ್ಬರು ಆಗಬಾರದು. ಕೊಳದ ನೀರನ್ನು, ಶೋಧಕ ತೊಳೆದ ನೀರನ್ನು ತೊರೆ, ಬಾವಿಗಳಿಂದ ದೂರ ಬಿಡುವ ವ್ಯವಸ್ಥೆ ಕೊಳ ಕಟ್ಟುವ ಮೊದಲೇ ಆಗಬೇಕು. ಭದ್ರೆ ಕಳಸವನ್ನು ಬಳಸಿ ಹರಿಯುತ್ತಾಳೆ, ಹೇಮಾವತಿ ಮೂಡಿಗೆರೆಯ ಮಡಿಲಲ್ಲಿ ಹುಟ್ಟುತ್ತಾಳೆ. ಒಬ್ಬಳ ನೀರು ಕೃಷ್ಣೆಗೆ, ಇನ್ನೊಬ್ಬಳ ನೀರು ಕಾವೇರಿಗೆ. ನದಿಯ ತಲೆಯ ಬಳಿ ಕುಳಿತವರಿಗೆ ಜವಾಬ್ದಾರಿ ಒಂದು ತೂಕ ಹೆಚ್ಚು.

ವಿದ್ಯಾರ್ಥಿಗಳಿಗೆ ಈ ವಾರದ ಮನೆಗೆಲಸ: ನಿಮ್ಮ ಮನೆಗೆ ಬರುವ ನೀರಿನ ದಾರಿಯನ್ನು ಮೂಲದವರೆಗೆ ನಡೆದು, ಒಂದು ನಕ್ಷೆ ಬರೆಯಿರಿ. ದಾರಿಯಲ್ಲಿ ಆ ನೀರಿಗೆ ಏನೇನು ಸೇರುತ್ತದೆ ಎಂದು ಗುರುತು ಹಾಕಿ. ದೊಡ್ಡವರು ಯಾರಾದರೂ ಜೊತೆಗಿರಲಿ; ಮಳೆಗಾಲದಲ್ಲಿ ಬಂಡೆ ಜಾರುತ್ತದೆ.