ಒಂದೇ ಆಸ್ಪತ್ರೆ, ಮೂರು ಬಗೆಯ ಮುಪ್ಪು

ಸರಕಾರಿ ನೌಕರರ ಪಿಂಚಣಿಯ ಪ್ರಶ್ನೆ ನಮ್ಮ ರಾಜ್ಯದಲ್ಲಿ ಆಗಾಗ ಭುಗಿಲೇಳುತ್ತದೆ, ಮತ್ತೆ ತಣ್ಣಗಾಗುತ್ತದೆ. 2023ರ ಮಾರ್ಚ್ 1ರಂದು ರಾಜ್ಯ ಸರಕಾರಿ ನೌಕರರು ಮುಷ್ಕರ ಹೂಡಿದಾಗ ಮುಂದಿಟ್ಟ ಎರಡು ಮುಖ್ಯ ಬೇಡಿಕೆಗಳಲ್ಲಿ ಒಂದು ವೇತನ ಪರಿಷ್ಕರಣೆ, ಇನ್ನೊಂದು ಹಳೆಯ ಪಿಂಚಣಿ. ಅಂದಿನ ಸರಕಾರ ಶೇಕಡಾ 17ರ ಮಧ್ಯಂತರ ಪರಿಹಾರ ಘೋಷಿಸಿತು, ಪಿಂಚಣಿಯ ವಿಷಯವನ್ನು ಸಮಿತಿಗೆ ಒಪ್ಪಿಸಿತು. ಮುಷ್ಕರ ಅದೇ ದಿನ ಮುಗಿಯಿತು. ಈ ಗದ್ದಲದಲ್ಲಿ ಬಹುಮಂದಿಗೆ ತಮ್ಮ ಸಂಬಳದಿಂದ ತಿಂಗಳು ತಿಂಗಳು ಕಡಿತವಾಗುವ ಹಣ ಎಲ್ಲಿಗೆ ಹೋಗುತ್ತದೆ, ಮುಪ್ಪಿನಲ್ಲಿ ಅದು ಹೇಗೆ ತಿರುಗಿ ಬರುತ್ತದೆ ಎಂಬುದೇ ಸ್ಪಷ್ಟವಿಲ್ಲ. ಆರೋಗ್ಯ ಇಲಾಖೆಯಲ್ಲಿ ದುಡಿಯುವವರ ಮಟ್ಟಿಗಂತೂ ಈ ಗೊಂದಲ ಇಮ್ಮಡಿ. ಕಾರಣ, ಅಲ್ಲಿ ಒಂದೇ ಸೂರಿನಡಿ ಒಂದಲ್ಲ, ಹಲವು ಪಿಂಚಣಿ ವ್ಯವಸ್ಥೆಗಳಿವೆ.

ಕರಾವಳಿಯ ಯಾವುದೇ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ತೆಗೆದುಕೊಳ್ಳಿ. ಅಲ್ಲಿ ಖಾಯಂ ನೇಮಕಾತಿಯ ಶುಶ್ರೂಷಕಿ ಇರುತ್ತಾರೆ. ಪಕ್ಕದ ಮೇಜಿನಲ್ಲಿ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನರ್ಸ್ ಇರುತ್ತಾರೆ. ಹೊರಗೆ ಬಿಸಿಲಿನಲ್ಲಿ ಮನೆ ಮನೆಗೆ ಹೋಗಿ ಬಂದ ಆಶಾ ಕಾರ್ಯಕರ್ತೆ ರಿಜಿಸ್ಟರ್ ಹಿಡಿದು ನಿಂತಿರುತ್ತಾರೆ. ಕೊರೊನಾ ಕಾಲದಲ್ಲಿ ಮೂವರೂ ಒಂದೇ ರೋಗಿಯ ಹಿಂದೆ ಓಡಾಡಿದವರು. ಆದರೆ ಅರವತ್ತು ದಾಟಿದ ಮೇಲೆ ಮೂವರ ಕೈಗೆ ಬರುವುದು ಬೇರೆ ಬೇರೆ. ಅದನ್ನು ನಿರ್ಧರಿಸುವುದು ಅವರ ದುಡಿಮೆಗಿಂತ ಹೆಚ್ಚಾಗಿ ನೇಮಕಾತಿ ಆದೇಶದ ಮೇಲಿನ ದಿನಾಂಕ ಮತ್ತು ಅದರ ಒಕ್ಕಣೆ.

ಮೊದಲು ಖಾಯಂ ನೌಕರರ ವಿಷಯ. ಕೇಂದ್ರ ಸರಕಾರದಲ್ಲಿ 2004ರ ಜನವರಿ 1ರಿಂದ, ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಕೆಲಸಕ್ಕೆ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ, ಎನ್‌ಪಿಎಸ್ ಮಾತ್ರ. ಅದಕ್ಕೆ ಮುಂಚೆ ಸೇರಿದವರು ಪಿಂಚಣಿಗೆಂದು ಏನನ್ನೂ ಕಟ್ಟುವುದಿಲ್ಲ. ಪೂರ್ಣ ಸೇವೆ ಸಲ್ಲಿಸಿದವರಿಗೆ ಕೊನೆಯ ವೇತನದ ಅರ್ಧದಷ್ಟು ಪಿಂಚಣಿ, ಅದರ ಮೇಲೆ ತುಟ್ಟಿಭತ್ಯೆ, ಅವರ ನಂತರ ಕುಟುಂಬಕ್ಕೆ ಕುಟುಂಬ ಪಿಂಚಣಿ. ಜಿಪಿಎಫ್‌ಗೆ ಅವರು ಕಟ್ಟುವುದು ಅವರದೇ ಉಳಿತಾಯ, ಬಡ್ಡಿ ಸಮೇತ ಹಿಂದಕ್ಕೆ ಬರುತ್ತದೆ. ಇವೆರಡನ್ನು ಬೆರೆಸಿ ಮಾತನಾಡುವವರು ಬಹಳ, ಆದ್ದರಿಂದ ಹೇಳಬೇಕಾಯಿತು.

ಎನ್‌ಪಿಎಸ್‌ನಲ್ಲಿ ನಿಗದಿಯಾಗಿರುವುದು ವಂತಿಗೆ, ಪಿಂಚಣಿಯಲ್ಲ. ಈ ಒಂದು ವಾಕ್ಯ ಅರ್ಥವಾದರೆ ಉಳಿದದ್ದು ಸುಲಭ. ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇಕಡಾ 10ನ್ನು ನೌಕರರು ಕಟ್ಟುತ್ತಾರೆ. ಸರಕಾರವೂ ಮೊದಲು ಅಷ್ಟನ್ನೇ ಕಟ್ಟುತ್ತಿತ್ತು, ಆಮೇಲೆ ತನ್ನ ಪಾಲನ್ನು ಶೇಕಡಾ 14ಕ್ಕೆ ಏರಿಸಿತು. ಒಬ್ಬ ಶುಶ್ರೂಷಕಿಗೆ ಮೂಲವೇತನ, ತುಟ್ಟಿಭತ್ಯೆ ಸೇರಿ 60,000 ರೂಪಾಯಿ ಎಂದಿಟ್ಟುಕೊಳ್ಳೋಣ. ಅವರ ಪಾಲು 6,000, ಸರಕಾರದ ಪಾಲು 8,400, ಒಟ್ಟು ತಿಂಗಳಿಗೆ 14,400 ರೂಪಾಯಿ ಅವರ ಖಾಯಂ ಖಾತೆ ಸಂಖ್ಯೆಗೆ, ಅಂದರೆ ಪ್ರಾನ್‌ಗೆ ಜಮೆಯಾಗುತ್ತದೆ. ಅದನ್ನು ಹೂಡಿಕೆ ಮಾಡುವವರು ನಿಧಿ ನಿರ್ವಾಹಕರು. ಬೇರೆ ಆಯ್ಕೆ ಮಾಡದವರ ಹಣ ಎಸ್‌ಬಿಐ, ಯುಟಿಐ, ಎಲ್‌ಐಸಿ ಸಂಸ್ಥೆಗಳ ನಿಧಿಗಳಲ್ಲಿ ಹಂಚಿಹೋಗಿರುತ್ತದೆ. ನಿವೃತ್ತಿಯ ದಿನ ಎಷ್ಟು ಕೂಡಿರುತ್ತದೆ ಎಂಬುದು ಮಾರುಕಟ್ಟೆಯನ್ನೂ, ಎಷ್ಟು ವರ್ಷ ಕಟ್ಟಿದಿರಿ ಎಂಬುದನ್ನೂ ಅವಲಂಬಿಸಿದೆ.

ಕಷ್ಟ ಶುರುವಾಗುವುದು ನಿವೃತ್ತಿಯ ದಿನ. ಕೂಡಿದ ಮೊತ್ತದಲ್ಲಿ ಶೇಕಡಾ 60ರವರೆಗೆ ಒಟ್ಟಿಗೆ ಪಡೆಯಬಹುದು. ಕನಿಷ್ಠ ಶೇಕಡಾ 40ರಲ್ಲಿ ವಿಮಾ ಕಂಪನಿಯೊಂದರಿಂದ ವರ್ಷಾಶನ ಖರೀದಿಸಬೇಕು, ಅದೇ ಪಿಂಚಣಿ. ಲೆಕ್ಕ ಹಾಕಿ ನೋಡಿ. 60 ಲಕ್ಷ ರೂಪಾಯಿ ಕೂಡಿದೆ ಎಂದಾದರೆ 36 ಲಕ್ಷ ಕೈಗೆ, 24 ಲಕ್ಷ ವರ್ಷಾಶನಕ್ಕೆ. ವರ್ಷಕ್ಕೆ ಶೇಕಡಾ 6ರಂತೆ ಸಿಕ್ಕಿದರೆ 1,44,000, ಅಂದರೆ ತಿಂಗಳಿಗೆ 12,000 ರೂಪಾಯಿ. ಸಾಮಾನ್ಯ ವರ್ಷಾಶನದಲ್ಲಿ ಈ 12,000ಕ್ಕೆ ತುಟ್ಟಿಭತ್ಯೆ ಇಲ್ಲ. ಎಪ್ಪತ್ತೈದನೆಯ ವಯಸ್ಸಿಗೂ ಅದು 12,000ವೇ, ಆಗ ಅಕ್ಕಿಯ ಬೆಲೆ ಮತ್ತು ಮಾತ್ರೆಯ ಬೆಲೆ ಎಷ್ಟಿರುತ್ತದೋ ದೇವರಿಗೇ ಗೊತ್ತು. ಇದೇ ಶುಶ್ರೂಷಕಿಯ ಹಿರಿಯ ಸಹೋದ್ಯೋಗಿ, ಒಂದೆರಡು ವರ್ಷ ಮೊದಲು ಕೆಲಸಕ್ಕೆ ಸೇರಿದವರು, ಪ್ರತಿ ತುಟ್ಟಿಭತ್ಯೆ ಏರಿಕೆಯೊಂದಿಗೆ ಹೆಚ್ಚುವ ಪಿಂಚಣಿ ಪಡೆಯುತ್ತಿರುತ್ತಾರೆ. ನೌಕರರ ಸಿಟ್ಟಿನ ಬೇರು ಇರುವುದು ಇಲ್ಲಿ.

ಹಾಗೆಂದು 36 ಲಕ್ಷ ಸಣ್ಣ ಮೊತ್ತವೇ? ಅಲ್ಲ. ಆದರೆ ನಮ್ಮ ಕಡೆ ನಿವೃತ್ತಿಯ ಹಣ ಯಾವ ದಾರಿ ಹಿಡಿಯುತ್ತದೆ ಎಂಬುದು ಎಲ್ಲರಿಗೂ ತಿಳಿದದ್ದೇ. ಮಗಳ ರೋಸ್ ಮತ್ತು ಮದುವೆ, ಮಗನನ್ನು ಗಲ್ಫಿಗೆ ಕಳುಹಿಸುವ ಖರ್ಚು, ಹಂಚಿನ ಮನೆ ಕೆಡವಿ ಕಟ್ಟುವ ತಾರಸಿ ಮನೆ. ಎರಡು ವರ್ಷದೊಳಗೆ ಬ್ಯಾಂಕು ಪುಸ್ತಕ ಖಾಲಿ. ಶೇಕಡಾ 40 ಎಂಬುದು ಕನಿಷ್ಠ ಮಿತಿ. ಅದಕ್ಕಿಂತ ಹೆಚ್ಚನ್ನು, ಬೇಕಿದ್ದರೆ ಪೂರ್ತಿಯನ್ನೂ ವರ್ಷಾಶನಕ್ಕೆ ಹಾಕಬಹುದು ಎಂಬುದನ್ನು ಹೇಳಿಕೊಡುವವರು ಕಡಿಮೆ. ಮೇಲಿನ ಲೆಕ್ಕದಲ್ಲಿ ಪೂರ್ತಿ ಹಾಕಿದರೆ ತಿಂಗಳಿಗೆ 30,000 ಆಗುತ್ತದೆ. ವರ್ಷಾಶನದಲ್ಲೂ ಬಗೆಗಳಿವೆ. ತನ್ನ ಕಾಲದ ನಂತರ ಗಂಡನಿಗೋ ಹೆಂಡತಿಗೋ ಮುಂದುವರಿಯುವಂಥದ್ದು, ಅಸಲು ವಾರಸುದಾರರಿಗೆ ಹಿಂದಿರುಗುವಂಥದ್ದು, ಏನೂ ಹಿಂದಿರುಗದೆ ತಿಂಗಳ ಮೊತ್ತ ಮಾತ್ರ ಸ್ವಲ್ಪ ಹೆಚ್ಚಿರುವಂಥದ್ದು. ಒಮ್ಮೆ ಆರಿಸಿ ಹಣ ಕಟ್ಟಿದ ಮೇಲೆ ಬದಲಿಸಿಕೊಳ್ಳಲು ಸಾಮಾನ್ಯವಾಗಿ ದಾರಿಯಿಲ್ಲ. ಏಜೆಂಟರು ತಂದ ಕಾಗದಕ್ಕೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಸಹಿ ಹಾಕುವ ವಿಷಯ ಇದಲ್ಲ.

ಇನ್ನೊಂದು ಸಂಗತಿ ನಮ್ಮ ಕುಟುಂಬಗಳಿಗೆ ವಿಶೇಷವಾಗಿ ಸಂಬಂಧಿಸಿದ್ದು. ಸರಕಾರಿ ಕೆಲಸ ಬಿಟ್ಟು ಕುವೈತಿಗೋ ಬ್ರಿಟನ್ನಿಗೋ ಹೋಗುವ ನರ್ಸುಗಳಿದ್ದಾರೆ. ನಿವೃತ್ತಿಗೆ ಮುನ್ನವೇ ರಾಜೀನಾಮೆ ಕೊಟ್ಟು ಎನ್‌ಪಿಎಸ್ ಖಾತೆ ಮುಚ್ಚಿದರೆ ಲೆಕ್ಕ ತಿರುಗುಮುರುಗಾಗುತ್ತದೆ: ಸಣ್ಣ ಮೊತ್ತದ ಖಾತೆಗಳನ್ನು ಬಿಟ್ಟರೆ ಕೈಗೆ ಸಿಗುವುದು ಶೇಕಡಾ 20 ಮಾತ್ರ, 80 ವರ್ಷಾಶನಕ್ಕೆ. ಖಾತೆಯನ್ನು ಮುಚ್ಚದೆ ಸಾರ್ವಜನಿಕರ ವಿಭಾಗಕ್ಕೆ ವರ್ಗಾಯಿಸಿಕೊಂಡು, ಅನಿವಾಸಿಯಾಗಿಯೇ ಮುಂದುವರಿಸಲು ಅವಕಾಶವಿದೆ. ವಿಮಾನ ಹತ್ತುವ ಅವಸರದಲ್ಲಿ ಇದು ಯಾರಿಗೂ ನೆನಪಾಗುವುದಿಲ್ಲ.

ಹಳೆಯ ಪಿಂಚಣಿಗೆ ಮರಳುವ ಮಾತು ಏನಾಯಿತು? ರಾಜಸ್ಥಾನ, ಛತ್ತೀಸ್‌ಗಢ, ಹಿಮಾಚಲ ಪ್ರದೇಶಗಳು 2022-23ರಲ್ಲಿ ಮರಳುವ ನಿರ್ಧಾರ ಪ್ರಕಟಿಸಿದವು. ಎನ್‌ಪಿಎಸ್‌ನಲ್ಲಿ ಈಗಾಗಲೇ ಕೂಡಿದ ಹಣವನ್ನು ರಾಜ್ಯಗಳಿಗೆ ಹಿಂದಿರುಗಿಸಲು ಕಾನೂನಿನಲ್ಲಿ ಅವಕಾಶವಿಲ್ಲ ಎಂದು ಕೇಂದ್ರ ಹೇಳಿತು. ಎಲ್ಲ ರಾಜ್ಯಗಳೂ ಹಳೆಯದಕ್ಕೆ ಮರಳಿದರೆ ಹೊರೆ ಎನ್‌ಪಿಎಸ್‌ನ 4.5 ಪಟ್ಟಿನವರೆಗೆ ಹೋಗಬಹುದು ಎಂದು ರಿಸರ್ವ್ ಬ್ಯಾಂಕಿನ ಪತ್ರಿಕೆಯಲ್ಲಿ 2023ರಲ್ಲಿ ಬಂದ ಲೇಖನವೊಂದು ಅಂದಾಜು ಮಾಡಿತು. ಕರ್ನಾಟಕ ಸರಕಾರ 2024ರ ಜನವರಿಯಲ್ಲಿ ಸೀಮಿತ ಆದೇಶವೊಂದನ್ನು ಹೊರಡಿಸಿತು: 2006ರ ಏಪ್ರಿಲ್ 1ಕ್ಕೆ ಮೊದಲೇ ನೇಮಕಾತಿ ಅಧಿಸೂಚನೆ ಹೊರಟು, ಆ ದಿನಾಂಕದ ನಂತರ ಕೆಲಸಕ್ಕೆ ಸೇರಿದವರಿಗೆ ಹಳೆಯ ಪಿಂಚಣಿ. ಸುಮಾರು 13,000 ಮಂದಿಗೆ ಇದರ ಪ್ರಯೋಜನ ಎಂದು ಮುಖ್ಯಮಂತ್ರಿಗಳು ತಿಳಿಸಿದ್ದರು. ಕೇಂದ್ರವು ತನ್ನ ನೌಕರರಿಗೆ 2025ರ ಏಪ್ರಿಲ್ 1ರಿಂದ ಏಕೀಕೃತ ಪಿಂಚಣಿ ಯೋಜನೆ ತಂದಿತು. ಅದರಲ್ಲಿ 25 ವರ್ಷ ಸೇವೆ ಮಾಡಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲವೇತನದ ಅರ್ಧ ಖಾತರಿ. ನೌಕರರ ವಂತಿಗೆ ಶೇಕಡಾ 10, ಸರಕಾರದ್ದು 18.5. ಅದು ಕೇಂದ್ರದ ನೌಕರರಿಗೆ. ರಾಜ್ಯದ ಆಸ್ಪತ್ರೆಗಳ ಸಿಬ್ಬಂದಿಗೆ ತಾನಾಗಿ ಅನ್ವಯಿಸುವುದಿಲ್ಲ.

ನಮ್ಮ ಅಭಿಪ್ರಾಯವನ್ನು ಮುಚ್ಚಿಡಬೇಕಿಲ್ಲ. ಪಿಂಚಣಿಯೆಂಬುದು ಧಣಿಯ ಔದಾರ್ಯವಲ್ಲ, ಸಲ್ಲಿಸಿದ ಸೇವೆಗೆ ದೊರೆಯಬೇಕಾದ ಹಕ್ಕು ಎಂದು ಸುಪ್ರೀಂ ಕೋರ್ಟು 1982ರ ಡಿಸೆಂಬರಿನಲ್ಲಿ ನಕಾರಾ ಪ್ರಕರಣದಲ್ಲಿ ಹೇಳಿದೆ. ಖಾಯಂ ನೌಕರರು ಖಾತರಿ ಕೇಳುವುದು ನ್ಯಾಯವೇ. ಆದರೆ ಶೇಕಡಾ 24 ಜಮೆಯಾಗುವವರ ದನಿ ವಿಧಾನಸೌಧದವರೆಗೆ ಕೇಳಿಸುತ್ತದೆ. ಅದೇ ಆಸ್ಪತ್ರೆಯ ಉಳಿದವರದ್ದು ತಾಲೂಕು ಕಛೇರಿಯನ್ನೂ ದಾಟುವುದಿಲ್ಲ.

ಗುತ್ತಿಗೆ ಮತ್ತು ಹೊರಗುತ್ತಿಗೆಯವರನ್ನು ನೋಡಿ. ಲ್ಯಾಬ್ ಟೆಕ್ನಿಷಿಯನ್, ಗುತ್ತಿಗೆ ನರ್ಸ್, ವಾರ್ಡು ತೊಳೆಯುವ ಹೆಂಗಸರು. ಭವಿಷ್ಯ ನಿಧಿಗೆ ಒಳಪಟ್ಟವರ ವೇತನದ ಶೇಕಡಾ 12 ಕಡಿತವಾಗುತ್ತದೆ, ಮಾಲಿಕರ ಕಡೆಯಿಂದಲೂ ಅಷ್ಟೇ. ಮಾಲಿಕರ ಪಾಲಿನಲ್ಲಿ ಶೇಕಡಾ 8.33 ಪಿಂಚಣಿ ನಿಧಿಗೆ. 2014ರ ಸೆಪ್ಟೆಂಬರ್‌ನಲ್ಲಿ ನಿಗದಿಯಾದ 15,000 ರೂಪಾಯಿಯ ವೇತನ ಮಿತಿಯಂತೆ ಅದು ತಿಂಗಳಿಗೆ 1,250. ಕೈಗೆ ಬರುವ ಪಿಂಚಣಿಯ ಸೂತ್ರ ಹೀಗೆ: ಪಿಂಚಣಿಗೆ ಅರ್ಹವಾದ ವೇತನವನ್ನು ಸೇವಾವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. 15,000ದ ಮೇಲೆ 10 ವರ್ಷಕ್ಕೆ ಸುಮಾರು 2,142 ರೂಪಾಯಿ. 20 ವರ್ಷ ಪೂರೈಸಿದವರಿಗೆ ಎರಡು ವರ್ಷ ಹೆಚ್ಚುವರಿ ಸೇರಿಸಿ ಸುಮಾರು 4,714. ವಾರ್ಡಿನಲ್ಲಿ ಇಪ್ಪತ್ತು ವರ್ಷ ರಾತ್ರಿಪಾಳಿ ಮಾಡಿದವರ ಮುಪ್ಪಿನ ಬೆಲೆ ಇದು.

ಅದಾದರೂ ಸಿಗಬೇಕಾದರೆ 10 ವರ್ಷ ಬೇಕು. ಆರು ತಿಂಗಳು ಮೀರಿದ್ದನ್ನು ಪೂರ್ಣ ವರ್ಷವೆಂದು ಲೆಕ್ಕ ಹಿಡಿಯುತ್ತಾರೆ. ಇಲ್ಲಿಯೇ ದೊಡ್ಡ ನಷ್ಟ ಆಗುತ್ತಿರುವುದು. ಏಜೆನ್ಸಿ ಬದಲಾದಾಗ, ಮದುವೆಯಾಗಿ ಬೇರೆ ಊರಿಗೆ ಹೋದಾಗ, ಹೆರಿಗೆಗೆ ಕೆಲಸ ಬಿಟ್ಟಾಗ, ಸೈಬರ್ ಸೆಂಟರಿನವರು ಭವಿಷ್ಯ ನಿಧಿಯ ಹಣದ ಜತೆಗೆ 10-ಸಿ ನಮೂನೆಯನ್ನೂ ತುಂಬಿಸಿ ಪಿಂಚಣಿ ನಿಧಿಯ ಹಣವನ್ನೂ ತೆಗೆಸಿಕೊಡುತ್ತಾರೆ. ಕೈಗೆ ಬರುವುದು ಕೆಲವು ಸಾವಿರ. ಆದರೆ ಅಲ್ಲಿಯವರೆಗಿನ ಸೇವೆ ಅಳಿಸಿಹೋಗುತ್ತದೆ; ಮತ್ತೆ ಕೆಲಸಕ್ಕೆ ಸೇರಿದರೆ ಎಣಿಕೆ ಒಂದರಿಂದ ಆರಂಭ. ಅದೇ 10-ಸಿ ನಮೂನೆಯಲ್ಲಿ ಹಣದ ಬದಲು ಯೋಜನಾ ಪ್ರಮಾಣಪತ್ರ ಕೇಳಬಹುದು. ಆಗ ಹಳೆಯ ವರ್ಷಗಳು ಉಳಿಯುತ್ತವೆ, ಮುಂದಿನ ಸೇವೆಗೆ ಕೂಡಿಕೊಳ್ಳುತ್ತವೆ. ಏಜೆನ್ಸಿ ಎಷ್ಟು ಬಾರಿ ಬದಲಾದರೂ ಯುಎಎನ್ ಒಂದೇ ಇರಬೇಕು. ಎರಡಿದ್ದರೆ ಸೇವೆ ಎರಡು ತುಂಡಾಗಿದೆ ಎಂದೇ ತಿಳಿಯಿರಿ. ಸಂಬಳ ಚೀಟಿಯಲ್ಲಿ ಕಡಿತ ತೋರಿಸಿ ನಿಧಿಗೆ ಕಟ್ಟದ ಗುತ್ತಿಗೆದಾರರೂ ಇದ್ದಾರೆ. ಕಾನೂನು ಇದನ್ನು ನಂಬಿಕೆದ್ರೋಹದ ಅಪರಾಧವೆಂದೇ ಎಣಿಸುತ್ತದೆ. ದೂರು ಕೊಡಲು ಪಾಸ್‌ಬುಕ್ಕಿನ ಪ್ರತಿ ಮತ್ತು ಸಂಬಳ ಚೀಟಿ ಕೈಯಲ್ಲಿರಬೇಕು.

ಆಶಾ ಕಾರ್ಯಕರ್ತೆಯರದ್ದು ಇನ್ನೂ ಕೆಳಗಿನ ಮೆಟ್ಟಿಲು. ದಾಖಲೆಗಳಲ್ಲಿ ಅವರು ನೌಕರರೇ ಅಲ್ಲ, ಗೌರವಧನ ಪಡೆಯುವ ಸ್ವಯಂಸೇವಕಿಯರು. ನೌಕರರಲ್ಲವೆಂದ ಮೇಲೆ ಮಾಲಿಕರಿಲ್ಲ, ಮಾಲಿಕರಿಲ್ಲವೆಂದ ಮೇಲೆ ವಂತಿಗೆಯೂ ಇಲ್ಲ. 2019ರ ಫೆಬ್ರವರಿಯಲ್ಲಿ ಬಂದ ಪ್ರಧಾನಮಂತ್ರಿ ಶ್ರಮಯೋಗಿ ಮಾನ್‌ಧನ್ ಯೋಜನೆಯಲ್ಲಿ ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟಿದರೆ, ಕೇಂದ್ರವೂ ಅಷ್ಟೇ ಸೇರಿಸಿ, 60ರ ನಂತರ 3,000 ರೂಪಾಯಿ ಕೊಡುತ್ತದೆ. ಆದರೆ ಸೇರುವ ವಯಸ್ಸು 18ರಿಂದ 40. 2015ರ ಅಟಲ್ ಪಿಂಚಣಿಗೂ ಅದೇ ಮಿತಿ. ಈಗ ಯೋಚಿಸಿ: ಆಶಾ ವ್ಯವಸ್ಥೆ ಆರಂಭವಾದ ವರ್ಷಗಳಲ್ಲಿ, 2008ರ ಸುಮಾರಿಗೆ, ಮೂವತ್ತೈದರ ವಯಸ್ಸಿನಲ್ಲಿ ಸೇರಿದವರಿಗೆ 2019ರಲ್ಲಿ 46. ಬಾಗಿಲು ತೆರೆಯುವಷ್ಟರಲ್ಲಿ ಅವರ ಪಾಲಿಗೆ ಅದು ಮುಚ್ಚಿಯಾಗಿತ್ತು. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಧರಣಿ ಕೂತ ಆಶಾ ಕಾರ್ಯಕರ್ತೆಯರಿಗೆ ತಿಂಗಳಿಗೆ 10,000 ರೂಪಾಯಿಯ ಭರವಸೆ ದೊರೆಯಿತು. ಅದು ದುಡಿಯುವಾಗಿನ ಮಾತು. ಕೆಲಸ ನಿಂತ ಮೇಲೆ, 65 ದಾಟಿದ ಬಡವರಿಗೆಲ್ಲ ಇರುವ ಸಂಧ್ಯಾ ಸುರಕ್ಷಾದ ಸಾಲಿನಲ್ಲಿ ಅವರೂ ನಿಲ್ಲಬೇಕು.

ಹಳೆಯ ಪಿಂಚಣಿಯ ಚರ್ಚೆ ಮತ್ತೆ ಬಂದಾಗ ಅದನ್ನು ಈ ಕೆಳಗಿನ ಮೆಟ್ಟಿಲಿನಿಂದ ಆರಂಭಿಸಬೇಕು ಎಂಬುದು ನಮ್ಮ ನಿಲುವು. 40 ದಾಟಿದ ಆಶಾ ಕಾರ್ಯಕರ್ತೆಯರಿಗೆಂದು ರಾಜ್ಯವೇ ವಂತಿಗೆ ಕಟ್ಟುವ ಏರ್ಪಾಡಿಗೆ ತಗಲುವ ಹಣ, ಖಾಯಂ ನೌಕರರ ಬೇಡಿಕೆಯ ಮುಂದೆ ದೊಡ್ಡದಲ್ಲ. ನೌಕರರ ಸಂಘಗಳೂ ತಮ್ಮ ಬೇಡಿಕೆ ಪಟ್ಟಿಯಲ್ಲಿ ಇವರಿಗೊಂದು ಸಾಲು ಕೊಡಬಹುದಿತ್ತು.

ಅಷ್ಟರವರೆಗೆ ಧರ್ಮಕೇಂದ್ರಗಳಲ್ಲಿ ಮಾಡಬಹುದಾದದ್ದು ಇದೆ. ವಾರ್ಡಿನ ಗುರಿಕಾರರಿಗೆ ತಮ್ಮ ವಾರ್ಡಿನಲ್ಲಿ ಯಾರು ಗುತ್ತಿಗೆಯಲ್ಲಿದ್ದಾರೆ, ಯಾರು ಆಶಾ ಎಂಬುದು ಗೊತ್ತಿರುತ್ತದೆ. ಸ್ತ್ರೀ ಸಂಘಟನೆಯ ಒಂದು ಸಭೆಯನ್ನು ಇದಕ್ಕೆ ಮೀಸಲಿಟ್ಟು, ಮೊಬೈಲಿನಲ್ಲಿ ಪಾಸ್‌ಬುಕ್ಕು ತೆರೆಯಲು ಬಲ್ಲ ಯುವಕ ಯುವತಿಯರನ್ನು ಕೂರಿಸಿದರೆ ಅರ್ಧ ಕೆಲಸ ಆದಂತೆ. ಆಧಾರಿನಲ್ಲಿರುವ ಹೆಸರು ಮತ್ತು ಜನ್ಮದಿನಾಂಕ ಖಾತೆಯೊಂದಿಗೆ ತಾಳೆಯಾಗುತ್ತದೆಯೇ ಎಂದು ಮೊದಲು ನೋಡಿ. ಜ್ಞಾನಸ್ನಾನದ ದಾಖಲೆಯಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು, ಮದುವೆಯ ನಂತರ ಮೂರನೆಯದು ಇರುವುದು ನಮ್ಮಲ್ಲಿ ಮಾಮೂಲು, ಹಣ ನಿಂತುಹೋಗುವುದೂ ಅಲ್ಲಿಯೇ. ಮದುವೆಗೆ ಮುಂಚೆ ಮಾಡಿದ ನಾಮನಿರ್ದೇಶನವನ್ನು ಮದುವೆಯ ನಂತರ ಹೊಸದಾಗಿ ಮಾಡಿಸಬೇಕು. 40 ತುಂಬದ ಆಶಾ ಕಾರ್ಯಕರ್ತೆಯರು ಯಾರಾದರೂ ಇದ್ದರೆ ಅವರನ್ನು ಮೊದಲು ಕರೆಯಿರಿ. ಅವರ ಮುಂದಿನ ಹುಟ್ಟುಹಬ್ಬ ಎಂದೆಂದು ಕೇಳಿಟ್ಟುಕೊಳ್ಳಿ.