ಒರೆಗಲ್ಲಿಗೆ ಹಚ್ಚಿದ ಹಳೆಯ ಗಣಕಯಂತ್ರ



‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ನಮ್ಮ ಹಿರಿಯರ ಗಾದೆ. ಕಣ್ಣಿಗೆ ಕಂಡುದೆಲ್ಲ ಯಥಾರ್ಥವಲ್ಲ. ಅಳೆದು ನೋಡಿದ ಮೇಲೆಯೇ ನಿರ್ಣಯಕ್ಕೆ ಬರಬೇಕೆಂಬುದು ಇದರ ತಾತ್ಪರ್ಯ. ಈ ಮಾತಿನ ಬೆಲೆ ನನಗೆ ಈಚೆಗೆ ಮನವರಿಕೆಯಾದದ್ದು ಮನೆಯ ಹಳೆಯ ಗಣಕಯಂತ್ರದಿಂದ.

ಅದು 2012ರ ಮಾದರಿಯದು. ಇಂಟೆಲ್ ಕೋರ್ ಐ3 ಪ್ರೊಸೆಸರ್, 8 ಗಿಗಾಬೈಟ್ ರ‍್ಯಾಮ್, 500 ಗಿಗಾಬೈಟ್ ಹಾರ್ಡ್ ಡಿಸ್ಕ್ ಅದರ ಅಂಗಗಳು. ನನ್ನ ಬರಹಗಳೂ ಮೊಮ್ಮಗಳ ಪಾಠಗಳೂ ಅದರಲ್ಲಿಯೇ. ಬರಬರುತ್ತ ಅದು ಎಷ್ಟು ಜಡವಾಯಿತೆಂದರೆ, ಗುಂಡಿ ಒತ್ತಿ ನಾಲ್ಕು ನಿಮಿಷ ಕಾಯಬೇಕಾಯಿತು. “ಅಜ್ಜಾ, ಇದರ ಕಾಲ ಮುಗೀತ್ರಿ, ಹೊಸಾದು ತರೂಣ್ರಿ” ಎಂದಳು ಮೊಮ್ಮಗಳು. ರಿಪೇರಿ ಅಂಗಡಿಯವರೂ “ಪ್ರೊಸೆಸರ್ ಹಳತಾಗಿದೆ, ಯಂತ್ರವನ್ನೇ ಬದಲಿಸಿರಿ” ಎಂದರು. ವರ್ಷದ ಖರ್ಚಿಗೆಂದು ಕೂಡಿಟ್ಟ ಹಣವನ್ನು ತೆಗೆಯುವ ಹೊತ್ತಿಗೆ, ಇಂಜಿನಿಯರಿಂಗ್ ಓದುತ್ತಿರುವ ನಮ್ಮ ಅಳಿಯಂದಿರ ತಮ್ಮ ಬಂದು ಒಂದೇ ಪ್ರಶ್ನೆ ಕೇಳಿದ: “ಮಾವನವರೆ, ಅಳೆದು ನೋಡಿದ್ದೀರೇನು?”

ಗಣಕಯಂತ್ರದ ಅಂಗಾಂಗಗಳ ಸಾಮರ್ಥ್ಯವನ್ನು ಅಳೆಯುವ ಕ್ರಮಕ್ಕೆ ಬೆಂಚ್‌ಮಾರ್ಕ್ ಎನ್ನುತ್ತಾರೆ. ಅಕ್ಕಸಾಲಿಗನ ಒರೆಗಲ್ಲಿನಂತೆ, ಎಲ್ಲ ಯಂತ್ರಗಳಿಗೂ ಒಂದೇ ಕೆಲಸವನ್ನು ಕೊಟ್ಟು, ಹಿಡಿದ ಕಾಲವನ್ನು ಎಣಿಸುವುದೇ ಇದರ ಮರ್ಮ. ಇಂಗ್ಲೆಂಡಿನ ಕರ್ನೋ ಮತ್ತು ವಿಚ್‌ಮನ್ ಎಂಬವರು 1976ರಲ್ಲಿ ಪ್ರಕಟಿಸಿದ ಇಂಥ ಪರೀಕ್ಷೆಯ ಹೆಸರು ವೆಟ್‌ಸ್ಟೋನ್. ಇದು ಒಂದು ಊರಿನ ಹೆಸರಾದರೂ ಶಬ್ದಾರ್ಥದಲ್ಲಿ ಸಾಣೆಕಲ್ಲು. ದಶಮಾಂಶ ಸಂಖ್ಯೆಗಳ ಗಣಿತದಲ್ಲಿ ಯಂತ್ರದ ವೇಗವೆಷ್ಟೆಂಬುದನ್ನು ಇದು ತಿಳಿಸುತ್ತಿತ್ತು. 1984ರಲ್ಲಿ ರೈನ್‌ಹೋಲ್ಡ್ ವೈಕರ್ ಎಂಬವರು ಪೂರ್ಣಾಂಕಗಳನ್ನೂ ಅಕ್ಷರಗಳನ್ನೂ ನಿರ್ವಹಿಸುವ ವೇಗಕ್ಕಾಗಿ ಡ್ರೈಸ್ಟೋನ್ ಎಂಬ ಇನ್ನೊಂದು ಪರೀಕ್ಷೆಯನ್ನು ರಚಿಸಿದರು. ಒಂದು ಪರೀಕ್ಷೆ ಒಂದು ಗುಣವನ್ನು ಮಾತ್ರ ಹೇಳಬಲ್ಲುದೆಂಬ ವಿವೇಕ ಇದರಲ್ಲಿದೆ.

2007ರ ವಿಂಡೋಸ್ ವಿಸ್ತಾದಲ್ಲಿ ಮನೆಬಳಕೆಯವರಿಗೂ ಇಂಥ ಅಂಕಪಟ್ಟಿ ದೊರೆಯಿತು. ಪ್ರೊಸೆಸರ್, ಸ್ಮೃತಿ, ಎರಡು ಬಗೆಯ ಚಿತ್ರಸಾಮರ್ಥ್ಯ, ಹಾರ್ಡ್ ಡಿಸ್ಕ್ ಎಂಬ ಐದಕ್ಕೂ ಬೇರೆ ಬೇರೆ ಅಂಕ. ಗಮನಾರ್ಹವಾದ ಸಂಗತಿಯೆಂದರೆ, ಇಡೀ ಯಂತ್ರದ ಅಂಕವು ಈ ಐದರ ಸರಾಸರಿಯಾಗಿರಲಿಲ್ಲ. ಐದರಲ್ಲಿ ಅತ್ಯಂತ ಕಡಿಮೆಯಾದುದೇ ಯಂತ್ರದ ಅಂಕವಾಗಿತ್ತು. ನಾಲ್ಕು ಎತ್ತು ಹೂಡಿದ ಬಂಡಿಯಲ್ಲಿ ಒಂದು ಎತ್ತು ಕುಂಟಿದರೆ, ಬಂಡಿ ಸಾಗುವುದು ಕುಂಟೆತ್ತಿನ ನಡಿಗೆಯಲ್ಲಿಯೇ ಅಲ್ಲವೆ?

ನಮ್ಮ ಯಂತ್ರದ ಕುಂಟೆತ್ತು ಯಾವುದು? ಹುಡುಗ ಮೊದಲು ಟಾಸ್ಕ್ ಮ್ಯಾನೇಜರ್ ತೆರೆದು ತೋರಿಸಿದ. ಯಂತ್ರ ತಡವರಿಸುತ್ತಿರುವಾಗಲೇ ಪ್ರೊಸೆಸರ್ ಬಹುಪಾಲು ವಿಶ್ರಾಂತಿಯಲ್ಲಿತ್ತು. ಸ್ಮೃತಿಯ ಅರ್ಧ ಬರಿದಾಗಿತ್ತು. ಡಿಸ್ಕ್ ಮಾತ್ರ ನೂರಕ್ಕೆ ನೂರು ದುಡಿಯುತ್ತಿತ್ತು. ಬಳಿಕ ಡಿಸ್ಕನ್ನು ಒರೆಗೆ ಹಚ್ಚಿದ. ದೊಡ್ಡ ಕಡತವನ್ನು ಸಾಲಾಗಿ ಓದುವಾಗ ಸೆಕೆಂಡಿಗೆ 110 ಮೆಗಾಬೈಟ್ ಬಂದಿತು. ಅಲ್ಲಲ್ಲಿ ಚದುರಿದ ಚಿಕ್ಕ ಚಿಕ್ಕ ತುಣುಕುಗಳನ್ನು ಓದಿಸಿದಾಗ ಒಂದು ಮೆಗಾಬೈಟನ್ನೂ ಮುಟ್ಟಲಿಲ್ಲ!

ಇದರ ಕಾರಣ ಸರಳ. ಡಿಸ್ಕಿನ ತಟ್ಟೆ ನಿಮಿಷಕ್ಕೆ 7,200 ಸುತ್ತು, ಎಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಓದುವ ಮುಳ್ಳು ಸ್ಥಳಕ್ಕೆ ಸರಿದು, ಬೇಕಾದ ತುಣುಕು ತಿರುಗಿ ಬರುವವರೆಗೆ ಕಾಯಬೇಕು. ಹೀಗಾಗಿ ಸೆಕೆಂಡಿಗೆ ಎಂಬತ್ತರಷ್ಟು ತುಣುಕುಗಳನ್ನು ಮಾತ್ರ ಅದು ತರಬಲ್ಲುದು. ಯಂತ್ರ ಏಳುವಾಗ ಬೇಕಾಗುವುದಾದರೋ ಸಹಸ್ರಾರು ಚಿಕ್ಕ ತುಣುಕುಗಳೇ.

ಜೀನ್ ಆಮ್‌ಡಾಲ್ ಎಂಬ ವಿಜ್ಞಾನಿಯ ಹೆಸರಿನಲ್ಲಿ 1967ರಿಂದ ಒಂದು ನಿಯಮ ಪ್ರಸಿದ್ಧವಾಗಿದೆ: ಒಂದು ಅಂಗವನ್ನು ಚುರುಕುಗೊಳಿಸಿದರೆ ದೊರೆಯುವ ಲಾಭವು, ಒಟ್ಟು ಕಾಲದಲ್ಲಿ ಆ ಅಂಗದ ಪಾಲು ಎಷ್ಟೋ ಅದಕ್ಕೆ ಒಳಪಟ್ಟಿರುತ್ತದೆ. 240 ಸೆಕೆಂಡುಗಳಲ್ಲಿ ಡಿಸ್ಕಿನ ಪಾಲು 200, ಪ್ರೊಸೆಸರಿನ ಪಾಲು 40 ಎಂದಿಟ್ಟುಕೊಳ್ಳಿರಿ. ಎರಡರಷ್ಟು ವೇಗದ ಪ್ರೊಸೆಸರ್ ತಂದರೆ ಉಳಿಯುವುದು 20 ಸೆಕೆಂಡು. ಹತ್ತರಷ್ಟು ವೇಗದ ಡಿಸ್ಕ್ ತಂದರೆ 180 ಸೆಕೆಂಡು.

ಕಡತಗಳನ್ನೆಲ್ಲ ಮೊದಲು ಬೇರೆಡೆಗೆ ಪ್ರತಿಮಾಡಿಟ್ಟು, ತಿರುಗುವ ತಟ್ಟೆಯೇ ಇಲ್ಲದ ಎಸ್‌ಎಸ್‌ಡಿಯನ್ನು ಅಳವಡಿಸಿದೆವು. ಹಳೆಯ ಮದರ್‌ಬೋರ್ಡಿನ ಸಾಟಾ ಸಂಪರ್ಕದ ಮಿತಿ ಸೆಕೆಂಡಿಗೆ ಸುಮಾರು 300 ಮೆಗಾಬೈಟ್. ಆದುದರಿಂದ ಹೊಸ ಡಿಸ್ಕಿನ ಪೂರ್ಣ ವೇಗ ದೊರೆಯಲಿಲ್ಲ. ಆದರೆ ಚಿಕ್ಕ ತುಣುಕುಗಳ ವೇಗ 20 ಮೆಗಾಬೈಟನ್ನು ದಾಟಿತು. ಯಂತ್ರವು ಒಂದು ನಿಮಿಷದೊಳಗೆ ಎದ್ದು ನಿಂತಿತು. ತಗುಲಿದ ವೆಚ್ಚ ಹೊಸ ಯಂತ್ರದ ಬೆಲೆಯ ಒಂದು ಚಿಕ್ಕ ಅಂಶ.

ಅಳೆಯುವುದಕ್ಕೂ ಒಂದು ಶಿಸ್ತುಂಟು. ಇತರ ಕೆಲಸಗಳನ್ನೆಲ್ಲ ಮುಚ್ಚಿ ಪರೀಕ್ಷಿಸಬೇಕು. ಮೂರು ಬಾರಿ ಅಳೆದು ನಡುವಣ ಅಂಕವನ್ನು ಹಿಡಿಯಬೇಕು. ಒಮ್ಮೆಗೆ ಒಂದೇ ಅಂಗವನ್ನು ಬದಲಿಸಿ ಮತ್ತೆ ಅಳೆಯಬೇಕು. ಧೂಳು ಕಟ್ಟಿ ಬಿಸಿಯೇರಿದ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಆದುದರಿಂದ ಮೊದಲು ಧೂಳು ತೆಗೆಯುವುದು ಲೇಸು.

ಇಷ್ಟಾದರೂ ಒರೆಗಲ್ಲು ಎಲ್ಲವನ್ನೂ ಹೇಳಲಾರದು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಮ್ಮ ಯಂತ್ರ ವಿಂಡೋಸ್ 11ರ ಅರ್ಹತಾ ಪಟ್ಟಿಯಲ್ಲಿಲ್ಲ. ವೇಗವಿದ್ದ ಮಾತ್ರಕ್ಕೆ ರಕ್ಷಣೆ ಇದ್ದಂತಾಗದು. ಆದುದರಿಂದ ಅದರಲ್ಲಿ ಈಗ ಲಿನಕ್ಸ್ ಇದೆ. ಈ ಲೇಖನವೂ ಅದರಲ್ಲಿಯೇ ಬೆರಳಚ್ಚಾಯಿತು.

ಇಂದು ಮನೆಮನೆಯಲ್ಲಿ ಇಂಥ ಯಂತ್ರಗಳು ಮೂಲೆ ಸೇರುತ್ತಿವೆ, ಗುಜರಿಗೂ ಹೋಗುತ್ತಿವೆ. ಹೋಗಬೇಕಾದವು ಹೋಗಲಿ. ಆದರೆ ‘ಹಳತು’ ಎಂಬ ಒಂದೇ ಮಾತಿನಿಂದ ತೀರ್ಪು ಕೊಡದಿರೋಣ. ಕುಂಟುವ ಎತ್ತು ಒಂದೇ ಇರುವಾಗ ಬಂಡಿಯನ್ನೇ ಮಾರುವುದು ಒಕ್ಕಲುತನವಲ್ಲ.