ಆರನೆಯವನನ್ನೂ ಕಳಿಸಬೇಕು

‘ಒಲಿಂಪಿಕ್ಸ್‌ಗೆ ದೊಡ್ಡ ತಂಡ ಕಳಿಸುವುದು ದುಂದು, ಪದಕ ಖಚಿತವಿದ್ದವರಿಗಷ್ಟೇ ಸರ್ಕಾರ ಹಣ ಕೊಡಲಿ’ ಎಂಬ ಲೇಖನ ಓದಿದೆ. ಒಪ್ಪಲಾರೆ.

1948ರ ಲಂಡನ್‌ನಲ್ಲಿ ಕುಸ್ತಿಪಟು ಖಾಶಾಬಾ ಜಾಧವ್ ಆರನೆಯವರಾದರು. ಮಣ್ಣಿನಲ್ಲಿ ಪಳಗಿದ ಪೈಲ್ವಾನನಿಗೆ ಅಲ್ಲಿನ ಮ್ಯಾಟ್ ಹೊಸದು. ಖರ್ಚು ಹೊತ್ತವರು ನಮ್ಮ ಪಕ್ಕದ ಕೊಲ್ಲಾಪುರದ ಮಹಾರಾಜರು. 1952ರಲ್ಲಿ ಹೆಲ್ಸಿಂಕಿಗೆ ಹೋಗಲು ಹಣವಿಲ್ಲದಾಗ ಜಾಧವರ ಕಾಲೇಜಿನ ಪ್ರಾಂಶುಪಾಲರು ಸ್ವಂತ ಮನೆ ಒತ್ತೆಯಿಟ್ಟರು. ಜಾಧವ್ ಕಂಚು ತಂದರು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಪದಕ ಅದು. ಲೇಖಕರ ಜರಡಿಯಲ್ಲಿ ಅವರು ಲಂಡನ್‌ಗೂ ಮೊದಲೇ ಉದುರಿಹೋಗುತ್ತಿದ್ದರು. 1920ರ ಆಂಟ್ವರ್ಪ್ ಮ್ಯಾರಥಾನ್‌ನಲ್ಲಿ 19ನೆಯವರಾದ ಬೆಳಗಾವಿಯ ಫಡೆಪ್ಪ ಚೌಗುಲೆಯೂ ಅಷ್ಟೇ.

ಪ್ಯಾರಿಸ್ ಸಿದ್ಧತೆಗೆ ಕೇಂದ್ರ ಸುರಿದದ್ದು ಸುಮಾರು 470 ಕೋಟಿ ರೂಪಾಯಿ. ತಲೆಗೆ ನಾಲ್ಕು ರೂಪಾಯಿಯೂ ಆಗದು. 117 ಮಂದಿ ಹೋದರು, ಆರು ಪದಕ ಬಂದವು. ಇನ್ನಾರು ಕಡೆ ನಾಲ್ಕನೇ ಸ್ಥಾನ. ಆ ನಾಲ್ಕನೆಯವರನ್ನು ಕೈಬಿಡಬೇಕೇ? ಅಧಿಕಾರಿಗಳ ಪ್ರವಾಸ ಕಡಿತಗೊಳಿಸಿ, ನನ್ನದೇನೂ ತಕರಾರಿಲ್ಲ.

ನಮ್ಮ ಸದಲಗಾ ಕಡೆ ತಾಲೀಮಿನ ಕೆಂಪು ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಶಿನ ಕಲಸಿ ಹದ ಮಾಡಿ, ಜಾಧವರಂತೆಯೇ ಅದರಲ್ಲಿ ಪಳಗುತ್ತಿರುವ ಹುಡುಗರಿದ್ದಾರೆ. ಹಾಲು, ಬಾದಾಮಿಯ ಖರ್ಚಿಗೆ ಕೈಯೊಡ್ಡಿದರೆ ಅಪ್ಪ ಹೇಳುವುದು ಒಂದೇ ಮಾತು: ‘ಕಬ್ಬಿನ ಬಿಲ್ ಬರಲಿ, ತಡಿಯಪ್ಪಾ.’